ಕಲ್ಲಿನ ಅಕ್ಷರಗಳ ನಡುವೆ ವಿಜಯದಶಮಿ

ಈ ದಿನ ಬೆಳಿಗ್ಗೆ ಹಳೆಯ ಪತ್ರಿಕೆಗಳನ್ನು ಜೋಡಿಸಿ ಕಟ್ಟುತ್ತಿದ್ದಾಗ ಕಾಲು ಒಂದು ಹಾಳೆಗೆ ತಗುಲಿತು. ಕೂಡಲೇ ಕೈ ತಾನಾಗಿ ಬಗ್ಗಿ ಆ ಹಾಳೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಿತು. ಆಮೇಲೆ ನೋಡಿದರೆ ಅದು ಮಿಕ್ಸಿಯ ಜಾಹೀರಾತು. ಇರಲಿ, ಜಾಹೀರಾತಿನಲ್ಲೂ ಅಕ್ಷರ ಇರುತ್ತದೆ. ಅಕ್ಷರ ಇದ್ದ ಕಡೆ ಸರಸ್ವತಿ ಇರುತ್ತಾಳೆ. ಸರಸ್ವತಿಯನ್ನು ತುಳಿದರೆ ವಿದ್ಯೆ ತಲೆಗೆ ಹತ್ತುವುದಿಲ್ಲ. ನನ್ನ ತಲೆಗೆ ಹತ್ತಬೇಕಾದ ವಿದ್ಯೆಯೆಲ್ಲ ಯಾವತ್ತೋ ಹತ್ತಿ, ಒಂದಿಷ್ಟು ಇಳಿದೂ ಹೋಗಿದೆ. ಆದರೂ ಕೈ ಕೇಳುವುದಿಲ್ಲ. ನಿಮ್ಮ ಕೈಯೂ ಹೀಗೇ ಎಂದು ನನಗೆ ಗೊತ್ತು, ಸುಮ್ಮನೆ ಒಪ್ಪಿಕೊಳ್ಳಿ.

ಈ ಅಭ್ಯಾಸ ನನಗೆ ಬಂದದ್ದು ಅಪ್ಪನಿಂದ. ಅಪ್ಪ ಗೌರಿಬಿದನೂರಿನಲ್ಲಿ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಸ್ಕೂಲಿನ ವಿಶಲ್ ಮನೆಯಲ್ಲೂ ಅವರ ಕೊರಳಲ್ಲೇ ಇರುತ್ತಿತ್ತು. ಬೆಳಗಿನ ಜಾವ ಒಂದು ವಿಶಲ್ಲಿಗೆ ಏಳಬೇಕು, ಎರಡನೆಯದಕ್ಕೆ ಚಾಪೆ ಸುತ್ತಬೇಕು. ಹಿಂದೂಪುರದ ಕಡೆಯಿಂದ ಬರುವ ರೈಲು ಕೂಗುವ ಹೊತ್ತಿಗೆ ನಾವೆಲ್ಲ ಪುಸ್ತಕ ತೆರೆದು ಬೆನ್ನು ನೆಟ್ಟಗೆ ಮಾಡಿ ಕೂತಿರಬೇಕು. ರೈಲು ತಡವಾದ ದಿನ ಅಪ್ಪ ನಮಗೆ ಬೈಯುತ್ತಿರಲಿಲ್ಲ, ರೈಲಿಗೇ ಬೈಯುತ್ತಿದ್ದರು: "ಶಿಸ್ತಿಲ್ಲ ಕಣ್ರೋ ಇದಕ್ಕೆ. ಯಾವ ಸ್ಕೂಲಲ್ಲಿ ಓದ್ತೋ!"

ಅಂಥವರ ಮಗಳು ನಾನು. ಬೆಳೆದು ಚಿಕ್ಕಬಳ್ಳಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನೂ ಡ್ರಿಲ್ ಟೀಚರಾದೆ. ಬದುಕಿಡೀ ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದೆ. ನಿವೃತ್ತಿಯ ನಂತರ ನಿಲ್ಲಿಸಲು ಮಕ್ಕಳು ಸಿಗದೆ ಅಡುಗೆಮನೆಯ ಡಬ್ಬಿಗಳನ್ನು ನಿಲ್ಲಿಸುತ್ತಿದ್ದೇನೆ. ನಮ್ಮವರು ಸಕ್ಕರೆ ಡಬ್ಬಿಯನ್ನು ಬೇಕೆಂದೇ ಸಾಲು ತಪ್ಪಿಸಿ ಇಡುತ್ತಾರೆ. ಅವರು ಚಿಂತಾಮಣಿಯವರು. ಅವರ ಮನೆಯಲ್ಲಿ ಮಾತು ತೆಲುಗು, ಓದು ಬರಹ ಕನ್ನಡ. "ನಮ್ಮಮ್ಮ ತೆಲುಗಲ್ಲಿ ಬೈದು, ಆಮೇಲೆ ಸಮಾಧಾನ ಮಾಡೋಕೆ ಕನ್ನಡದಲ್ಲಿ ಕಾಗದ ಬರೀತಿದ್ಲು" ಎಂದು ಹೇಳಿಕೊಂಡು ನಗುತ್ತಾರೆ. ಯಾವುದು ಕೆಟ್ಟರೂ 'ಪೋನೀಲೇ', ಅಂದರೆ ಹೋಗಲಿ ಬಿಡು, ಎಂದು ಬಿಟ್ಟುಬಿಡುವುದು ಅವರ ಸಿದ್ಧಾಂತ. ನನ್ನ ಸಿದ್ಧಾಂತ ಯಾವುದನ್ನೂ ಬಿಡದಿರುವುದು. ಹೀಗಾಗಿ ಸಂಸಾರ ಸರಿಯಾಗಿಯೇ ನಡೆದಿದೆ.

ನಮ್ಮಪ್ಪನ ಮನೆಯಲ್ಲಿ ವಿಜಯದಶಮಿ ಎಂದರೆ ಅಕ್ಷರಾಭ್ಯಾಸದ ದಿನ. ಓದಿಗೆ ಕೂರುವ ವಯಸ್ಸಿನ ಮಗು ಇದ್ದರೆ ಹಿಂದಿನ ದಿನವೇ ಅಪ್ಪ ಪಿನಾಕಿನಿ ಹೊಳೆಯ ಪಾತ್ರಕ್ಕೆ ಹೋಗಿ ಮರಳು ತರುತ್ತಿದ್ದರು. ಅದನ್ನು ಜರಡಿ ಹಿಡಿದು, ಒಣಗಿಸಿ, ಮೊರದಲ್ಲಿ ಹರಡುತ್ತಿದ್ದರು. ಮನೆಯ ಹಿರಿಯರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ತೋರುಬೆರಳು ಹಿಡಿದು ಮೊದಲ ಅಕ್ಷರ ಬರೆಸಬೇಕು. ನನ್ನ ಬೆರಳು ಹಿಡಿದದ್ದು ಅಪ್ಪ. ಅವರ ಅಂಗೈ ಹಗ್ಗದ ಹಾಗೆ ಒರಟು. ಮರಳು ಬೆರಳಿನ ತುದಿಗೆ ತಣ್ಣಗೆ ತಾಕಿದ್ದು ಈಗಲೂ ನೆನಪಿದೆ. ನನ್ನ ಮಗಳು ಸುಧಾಳ ಕಾಲಕ್ಕೆ ಮರಳು ಹೋಗಿ ತಟ್ಟೆಯ ತುಂಬ ಅಕ್ಕಿ ಬಂದಿತ್ತು. ಅವಳ ಬೆರಳು ಹಿಡಿದದ್ದು ನಾನು. ಮುಂದಿನದು ಮೊಮ್ಮಗಳು ಇಂಚರಳ ಬೆರಳು. ಅದನ್ನೂ ನಾನೇ ಹಿಡಿಯಬೇಕು. ಇದರಲ್ಲಿ ಚರ್ಚೆಗೆ ಜಾಗವೇ ಇರಲಿಲ್ಲ.

ಆದರೆ ಎರಡು ತೊಂದರೆಗಳಿದ್ದವು. ಹಿಂದಿನ ವರ್ಷದ ದಸರಾಗೆ ಮನೆಯಲ್ಲಿ ಸೂತಕ ಬಂದು ಅಕ್ಷರಾಭ್ಯಾಸ ತಪ್ಪಿಹೋಯಿತು. ಮೊದಲ ಅಕ್ಷರ ಬರೆಯದೆ ಪೆನ್ಸಿಲ್ ಮುಟ್ಟಬಾರದೆಂದು ನಾನು ಮಗುವನ್ನು ಶಾಲೆಗೂ ಕಳಿಸಗೊಡಲಿಲ್ಲ. ಸುಧಾಗೆ ತಾಳ್ಮೆ ಮುಗಿದಿತ್ತು. ಅವಳು ಶಿಡ್ಲಘಟ್ಟದಲ್ಲಿ ಕಾಲೇಜು ಮೇಡಮ್ಮು, ಎದುರಿಗೆ ನಿಂತು ಹೇಳುವುದು ಅವಳಿಗೆ ಅಭ್ಯಾಸ. "ಅಮ್ಮಾ, ಪಕ್ಕದ ಮನೆ ಹುಡುಗಿ ಆಗ್ಲೇ ಮಗ್ಗಿ ಹೇಳ್ತಾಳೆ. ಈ ವಿಜಯದಶಮಿನೂ ತಪ್ಪಿದ್ರೆ ನಾನು ಕಾಯಲ್ಲ. ಮಾರನೇ ವಾರಾನೇ ಸ್ಕೂಲಿಗೆ ಹಾಕ್ತೀನಿ. ಅಲ್ಲಿನ ಮಿಸ್ಸೇ ಕೈ ಹಿಡಿದು ಬರೆಸ್ಕೊಳ್ಲಿ."

ಯಾರೋ ಮಿಸ್ಸು! ನಮ್ಮ ಮಗುವಿನ ಮೊದಲ ಅಕ್ಷರಕ್ಕೆ! ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಎರಡನೆಯ ತೊಂದರೆ ಇಂಚರಳೇ. ಆ ಮಗು ಯಾರಿಗೂ ಕೈ ಹಿಡಿಯಲು ಬಿಡುವುದಿಲ್ಲ. ರಸ್ತೆ ದಾಟುವಾಗಲೂ ನನ್ನ ಸೆರಗಿನ ತುದಿ ಹಿಡಿಯುತ್ತದೆಯೇ ಹೊರತು ಕೈ ಕೊಡುವುದಿಲ್ಲ. ಅವಳು ಮೊದಲು ಆಡಿದ ಪೂರ್ತಿ ವಾಕ್ಯವೇ "ಬಿಡು, ನಾನೇ." ಇದು ಯಾರ ಗುಣ ಎಂದು ನಮ್ಮವರನ್ನು ಕೇಳಿದರೆ, ಅವರು ನನ್ನನ್ನೇ ನೋಡುತ್ತಾರೆ.

ಇಂಥ ಹೊತ್ತಿನಲ್ಲಿ ಆರ್ಮೇನಿಯಾ ಪ್ರವಾಸ ಒದಗಿತು. ದಸರಾ ರಜೆಗೆ ಅಗ್ಗದ ಟಿಕೆಟ್ ಸಿಕ್ಕಿತೆಂದು ಸುಧಾ ಎಲ್ಲವನ್ನೂ ಗೊತ್ತುಮಾಡಿದ್ದಳು. ಅಳಿಯನಿಗೆ ರಜೆ ಇಲ್ಲ, ಹೊರಟದ್ದು ನಾವು ನಾಲ್ವರು. ಆಯುಧಪೂಜೆಯ ದಿನಕ್ಕೆ ಮನೆಗೆ ವಾಪಸು ಎಂದು ಅವಳು ಆಣೆ ಮಾಡಿದ ಮೇಲೆಯೇ ನಾನು ಒಪ್ಪಿದ್ದು. ಹೊರಡುವ ಮೊದಲೇ ದೇವರ ಮುಂದೆ ಹಿತ್ತಾಳೆ ತಟ್ಟೆ ತೊಳೆದು ಬೋರಲು ಹಾಕಿ ಬಂದಿದ್ದೆ. ಆದರೆ ವಾಪಸು ಬರುವ ವಿಮಾನ ಎರಡು ದಿನ ಮುಂದಕ್ಕೆ ಹೋಯಿತು. ವಿಜಯದಶಮಿ ನಮ್ಮನ್ನು ಆರ್ಮೇನಿಯಾದಲ್ಲೇ ಹಿಡಿದುಹಾಕಿತು.

"ಈಗೇನ್ ಮಾಡ್ತೀಯೇ?" ಎಂದರು ನಮ್ಮವರು, ಹೋಟೆಲಿನ ಹಾಸಿಗೆಯ ಮೇಲೆ ಕೂತು.

"ಏನ್ ಮಾಡೋದು? ಇಲ್ಲೇ ಮಾಡೋದು. ಅಕ್ಕಿ ಇದ್ಯಲ್ಲ."

ನಾವು ಹೊರದೇಶಕ್ಕೆ ಹೋದರೆ ಅಕ್ಕಿ, ಚಟ್ನಿಪುಡಿ, ಪುಟ್ಟ ಕರೆಂಟಿನ ಕುಕ್ಕರು ಇಲ್ಲದೆ ಹೋಗುವ ಜನವಲ್ಲ, ನಿಮಗೆ ಗೊತ್ತು. ಆದರೆ ಅಕ್ಕಿ ಎಂದ ಕೂಡಲೇ ನಮ್ಮವರು ಕಿಟಕಿಯ ಕಡೆ ತಿರುಗಿದರು. ನಾನು ಚೀಲ ತೆಗೆದು ನೋಡಿದೆ. ಖಾಲಿ. ಹಿಂದಿನ ಸಂಜೆ ಹಸಿವು ತಡೆಯದೆ ಇಷ್ಟನ್ನೂ ಬೇಯಿಸಿ ಚಟ್ನಿಪುಡಿ ಕಲಸಿಕೊಂಡು ಉಂಡಿದ್ದರು. ಮೊಮ್ಮಗಳ ವಿದ್ಯೆ ತಾತನ ಹೊಟ್ಟೆ ಸೇರಿತ್ತು.

"ನೀನು ಹೇಳಬೇಕಿತ್ತು ಕಣೇ, ಇದು ಸರಸ್ವತಿ ಅಕ್ಕಿ ಅಂತ" ಎಂದರು. ನಾನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದಲ್ಲ.

ನಮ್ಮ ಟ್ಯಾಕ್ಸಿಯ ತಿಗ್ರಾನ್ ಎಂಬ ಯುವಕನಿಗೆ ಇಂಗ್ಲಿಷ್ ಬರುತ್ತಿತ್ತು. ನಮ್ಮವರು ಅವನನ್ನು ಮೊದಲ ದಿನದಿಂದಲೂ 'ತಿಗ್ರಾನಪ್ಪ' ಎಂದೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಸುಧಾ ನನ್ನ ಮುಖ ಕಂಡು ಅವನಿಗೆ ವಿಷಯ ಹೇಳಿದಳು: ಈ ದಿನ ಮಗು ಮೊದಲ ಅಕ್ಷರ ಬರೆಯಬೇಕಿತ್ತು, ಹೀಗಾಯಿತು. ಅವನು ಸ್ವಲ್ಪ ಯೋಚಿಸಿ, "ಅಕ್ಷರ ತಾನೇ? ಬನ್ನಿ, ತೋರಿಸ್ತೀನಿ" ಎಂದು ಕಾರು ತಿರುಗಿಸಿದ.

ಊರು ದಾಟಿ ಬಯಲು ಬಂತು. ಬಂಡೆ, ಒಣಹುಲ್ಲು, ದೂರದಲ್ಲಿ ಬೆಟ್ಟ. ಬೆಟ್ಟದ ನೆತ್ತಿಯ ಮೇಲಿನ ಹಿಮವೊಂದನ್ನು ಒರೆಸಿಹಾಕಿದರೆ ಥೇಟ್ ನಮ್ಮೂರ ಹತ್ತಿರದ ಕಳವಾರದ ದಾರಿ. ರಸ್ತೆಯ ಪಕ್ಕದ ಇಳಿಜಾರಿನಲ್ಲಿ ಆಳೆತ್ತರದ ಕಲ್ಲುಗಳು ನಿಂತಿದ್ದವು. ಹತ್ತಿರ ಹೋದರೆ ಕಲ್ಲುಗಳಲ್ಲ, ಅಕ್ಷರಗಳು! ಸಾವಿರದ ಆರುನೂರು ವರ್ಷದ ಹಿಂದೆ ಒಬ್ಬ ಸನ್ಯಾಸಿ ಈ ಜನರ ಭಾಷೆಗೆ ಅಕ್ಷರ ಮಾಡಿಕೊಟ್ಟನಂತೆ. ಅದರ ನೆನಪಿಗೆ ಇಡೀ ವರ್ಣಮಾಲೆಯನ್ನು ಕಲ್ಲಿನಲ್ಲಿ ಕಡೆದು ಬಯಲಿನಲ್ಲಿ ನಿಲ್ಲಿಸಿದ್ದಾರೆ. ರಾಜರಿಗೆ, ಸೇನಾಪತಿಗಳಿಗೆ ನಿಲ್ಲಿಸಿದ ಕಲ್ಲುಗಳನ್ನು ನಾನು ಬೇಕಾದಷ್ಟು ನೋಡಿದ್ದೆ. ಅಕ್ಷರಕ್ಕೇ ನಿಲ್ಲಿಸಿದ್ದು ಕಂಡದ್ದು ಇದೇ ಮೊದಲು. ಎದೆ ತುಂಬಿ ಬಂತು. ಸರಸ್ವತಿ ವಿಮಾನವನ್ನು ಸುಮ್ಮನೆ ತಡಮಾಡಿಲ್ಲ ಎನ್ನಿಸಿತು.

ಒಂದೇ ಕೊರತೆ, ಅಕ್ಷರಗಳು ಸಾಲಾಗಿರಲಿಲ್ಲ. ಒಂದು ಇಲ್ಲಿ, ಒಂದು ಅಲ್ಲಿ, ಒಂದು ಬೆನ್ನು ತಿರುಗಿಸಿಕೊಂಡು. ಪೀರಿಯಡ್ ಬಿಟ್ಟ ಮಕ್ಕಳ ಹಾಗೆ ಇಳಿಜಾರಿನ ತುಂಬ ಚೆದುರಿದ್ದವು.

"ಇವನ್ನ ಯಾರು ನಿಲ್ಲಿಸಿದ್ದು? ಮೊದಲನೇದು ಯಾವುದು, ಕೊನೇದು ಯಾವುದು, ಹೆಂಗೆ ಗೊತ್ತಾಗುತ್ತೆ?" ಎಂದೆ.

"ನೀನು ಒಂದು ವಿಶಲ್ ಹೊಡಿ, ಬಂದು ನಿಂತ್ಕೊಂತಾವೆ" ಎಂದರು ನಮ್ಮವರು.

ಈಗ ಚಪ್ಪಲಿಯ ಪ್ರಸಂಗಕ್ಕೆ ಬರುತ್ತೇನೆ. ಅಕ್ಷರಗಳ ನಡುವೆ ಚಪ್ಪಲಿ ಹಾಕಿಕೊಂಡು ಹೋಗುವುದು ಹೇಗೆ? ಕಾಗದದ ಚೂರಿಗೇ ಕೈ ಮುಗಿಯುವವರು ನಾವು, ಇಲ್ಲಿ ಇಡೀ ವರ್ಣಮಾಲೆಯೇ ಎದ್ದು ನಿಂತಿದೆ. ಯಾರೂ ಯಾರಿಗೂ ಹೇಳದೆ ನಾವು ಮೂವರೂ ಒಂದೇ ಸಲ ಬಗ್ಗಿ ಚಪ್ಪಲಿ ಬಿಟ್ಟೆವು. ಇಂಚರಳ ಬೂಟನ್ನೂ ಕಳಚಿದೆವು. ನಾನು ಎಲ್ಲವನ್ನೂ ಜೊತೆ ಜೊತೆಯಾಗಿ, ಹಿಮ್ಮಡಿ ರಸ್ತೆಗೆ ಮಾಡಿ, ದಾರಿಯ ಬಾಯಲ್ಲಿ ನೇರ ಸಾಲಿನಲ್ಲಿ ಜೋಡಿಸಿದೆ. ನೆಲ ಮಂಜುಗಡ್ಡೆಯ ಹಾಗೆ ಕೊರೆಯುತ್ತಿತ್ತು. ನಮ್ಮವರು ಕೊಕ್ಕರೆಯಂತೆ ಒಂದು ಕಾಲೆತ್ತಿ ಇನ್ನೊಂದರ ಮೇಲೆ ಇಡುತ್ತ ನಡೆದರು.

ಸ್ವಲ್ಪ ಹೊತ್ತಿಗೆ ಒಂದು ಬಸ್ಸು ಬಂತು. ಯಾವುದೋ ದೇಶದ ಹಿರಿಯರು ಇಳಿದರು. ದಾರಿಯ ಬಾಯಲ್ಲಿ ಅಷ್ಟು ಅಚ್ಚುಕಟ್ಟಾದ ಚಪ್ಪಲಿ ಸಾಲು ಕಂಡು ನಿಂತರು, ಪರಸ್ಪರ ಮುಖ ನೋಡಿಕೊಂಡರು. ಒಬ್ಬಾಕೆ ಬೂಟು ಬಿಚ್ಚಿದರು. ಆಮೇಲೆ ಎಲ್ಲರೂ. ದಪ್ಪ ಮೈಯ ಒಬ್ಬರು ಇಬ್ಬರ ಭುಜ ಹಿಡಿದು ಏದುಸಿರು ಬಿಡುತ್ತ ಲೇಸು ಬಿಚ್ಚಿದರು. ನನ್ನ ಸಾಲಿನ ಪಕ್ಕದಲ್ಲೇ, ಅದೇ ಅಳತೆಯಲ್ಲಿ, ಇನ್ನೊಂದು ಉದ್ದನೆಯ ಸಾಲು ಎದ್ದಿತು. ರಸ್ತೆಯಾಚೆ ಫೋನಿನಲ್ಲಿ ಮಾತಾಡುತ್ತಿದ್ದ ತಿಗ್ರಾನ್ ತಿರುಗಿ ನೋಡುವ ಹೊತ್ತಿಗೆ ಆ ಬಯಲಿನ ತುಂಬ ಜನ ಬರೀ ಕಾಲುಚೀಲದಲ್ಲಿ, ಬೆರಳ ತುದಿಯ ಮೇಲೆ, ದೇವಸ್ಥಾನದಲ್ಲಿ ನಡೆದ ಹಾಗೆ ಓಡಾಡುತ್ತಿದ್ದರು.

ಅವನು ಓಡಿ ಬಂದ. "ಇಲ್ಲಿ ಬೂಟು ಬಿಚ್ಚಬೇಕು ಅಂತ ಯಾರು ಹೇಳಿದ್ದು?"

"ನಮ್ಮ ಡ್ರಿಲ್ ಮೇಡಮ್ಮು. ಹೇಳ್ಲಿಲ್ಲ, ಜೋಡಿಸಿದ್ಲು ಅಷ್ಟೇ" ಎಂದರು ನಮ್ಮವರು.

ತಿಗ್ರಾನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಇಷ್ಟು ವರ್ಷದಿಂದ ಬರುತ್ತಿದ್ದೇನೆ, ಇಂಥದ್ದನ್ನು ನೋಡಿಲ್ಲ ಎಂದ. ಆ ಜನಕ್ಕೆ ನಿಜ ಹೇಳಲೇ ಎಂದು ಕೇಳಿದ. ಬೇಡ ಎಂದೆ. ಒಮ್ಮೆ ನಿಂತ ಸಾಲನ್ನು ಕೆಡಿಸುವುದು ನನ್ನಿಂದ ಆಗದು.

ಆದರೆ ನಾನು ಬಂದ ಕೆಲಸ ಆಗಿರಲಿಲ್ಲ. ಸುತ್ತ ಅಕ್ಷರವೋ ಅಕ್ಷರ, ಮಗುವಿನಿಂದ ಒಂದೂ ಇಲ್ಲ. ನಮ್ಮವರು, "ಮಣ್ಣಲ್ಲೇ ಬರೆಸೇ. ನಾವೆಲ್ಲ ಕಲ್ತಿದ್ದು ಮಣ್ಣಲ್ಲೇ ಅಲ್ವಾ?" ಎಂದರು. ಸರಿ, ಒಂದು ಬಂಡೆಯ ಮರೆಯಲ್ಲಿ ಕೂತೆ. ನೆಲ ಕಲ್ಲಿನಷ್ಟು ಗಟ್ಟಿ. ಬಿಡಿಮಣ್ಣು ಕೆರೆದು ಗುಡ್ಡೆ ಮಾಡಿದರೆ ಗಾಳಿ ಬಂದು ಹೊತ್ತುಕೊಂಡು ಹೋಯಿತು. ಮತ್ತೆ ಕೆರೆದೆ. "ಬಾರೇ ಪುಟ್ಟಿ, ಅಜ್ಜಿ ತೊಡೆ ಮೇಲೆ ಕೂತ್ಕೋ" ಎಂದು ಕರೆದು ಅವಳ ಬೆರಳು ಹಿಡಿದೆ.

"ಬಿಡು, ನಾನೇ" ಎಂದಳು. ಕೈ ಕಿತ್ತುಕೊಂಡು ಓಡಿದಳು.

ನಾನು ಹಿಂದೆ ಓಡಿದೆ. ಅವಳು ಒಂದು ಅಕ್ಷರದ ಹಿಂದೆ ಅಡಗಿದಳು, ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ತೊಟ್ಟಿಲಿನಂಥ ಒಂದು ಅಕ್ಷರದೊಳಗೆ ಕೂತು ಕಾಲು ಅಲ್ಲಾಡಿಸಿದಳು. ಅಕ್ಷರದ ಮೇಲೆ ಕಾಲು! "ಇಳಿ ಕೆಳಗೆ!" ಎಂದು ಕೂಗಿದೆ. ಆಚೆ ಬದಿಯ ಕಲ್ಲು ಹತ್ತಿ ಫೋಟೊಗೆ ನಿಂತಿದ್ದ ಗಂಡ ಹೆಂಡತಿ ಇಬ್ಬರೂ ದಡದಡನೆ ಇಳಿದುಬಿಟ್ಟರು. ಡ್ರಿಲ್ ಟೀಚರ ದನಿಗೆ ಭಾಷೆ ಬೇಕಿಲ್ಲ. ಇಳಿಯದೆ ಉಳಿದವಳು ಇಂಚರ ಒಬ್ಬಳೇ.

ಕೊನೆಗೆ ಸೋತು ಒಂದು ಕಲ್ಲಿನ ಬುಡದಲ್ಲಿ ಕೂತೆ. ಸುಧಾ ಬಂದು ಪಕ್ಕದಲ್ಲಿ ಕೂತಳು. "ಹೋಗ್ಲಿ ಬಿಡಮ್ಮ. ನೀನು ಪ್ರಯತ್ನ ಮಾಡ್ದೆ. ಸ್ಕೂಲಲ್ಲಿ ಕಲೀತಾಳೆ" ಎಂದಳು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ, ಕನಿಕರವಿತ್ತು. ಅದೇ ಕಷ್ಟ. ಮಗಳು ವಾದ ಮಾಡಿದರೆ ನಾನು ಗೆಲ್ಲುತ್ತೇನೆ, ಕನಿಕರಿಸಿದರೆ ಸೋಲುತ್ತೇನೆ. ಹೊತ್ತು ಇಳಿಯುತ್ತಿತ್ತು. ವಿಜಯದಶಮಿ ನನ್ನ ಕಣ್ಣೆದುರೇ ಜಾರಿಹೋಗುತ್ತಿತ್ತು.

"ಹಸಿವಾಗ್ತಿದೆ" ಎಂದರು ನಮ್ಮವರು. ಅಕ್ಕಿ ತಿಂದ ಬಾಯಿ!

ತಿಗ್ರಾನ್ ನಮ್ಮನ್ನು ಹತ್ತಿರದ ಹಳ್ಳಿಯ ಒಂದು ಮನೆಗೆ ಕರೆದೊಯ್ದ. ಅಲ್ಲಿ ನನ್ನದೇ ವಯಸ್ಸಿನ ಒಬ್ಬ ಹೆಂಗಸು, ತಲೆಗೆ ಬಟ್ಟೆ ಕಟ್ಟಿಕೊಂಡು, ನೆಲದಲ್ಲಿ ಬಾವಿಯಂತೆ ಹೂತ ಮಣ್ಣಿನ ಒಲೆಯ ಮುಂದೆ ಕೂತು ರೊಟ್ಟಿ ಮಾಡುತ್ತಿದ್ದರು. ಹಿಟ್ಟನ್ನು ಅಗಲಕ್ಕೆ ತಟ್ಟಿ, ದಿಂಬಿನಂಥದರ ಮೇಲೆ ಹೊದಿಸಿ, ಒಲೆಯ ಒಳಗೋಡೆಗೆ ಪಟ್ಟನೆ ಬಡಿಯುವುದು. ಕಣ್ಣು ಮಿಟುಕಿಸುವುದರೊಳಗೆ ಉದ್ದನೆಯ ತೆಳ್ಳನೆಯ ರೊಟ್ಟಿ ಮೇಲೆ ಬರುತ್ತಿತ್ತು.

"ಇದು ರೊಟ್ಟಿನಾ, ಟವಲ್ಲಾ?" ಎಂದು ನಮ್ಮವರು ಅದನ್ನು ಹೆಗಲ ಮೇಲೆ ಹಾಕಿಕೊಂಡು ತೋರಿಸಿದರು. ರೊಟ್ಟಿಯಮ್ಮನಿಗೆ ಮಾತು ತಿಳಿಯದಿದ್ದರೂ ಹಾಸ್ಯ ತಿಳಿಯಿತು. ಇನ್ನೂ ಒಂದು ರೊಟ್ಟಿಯನ್ನು ಅವರ ಇನ್ನೊಂದು ಹೆಗಲಿಗೆ ಹಾಕಿದರು.

ತಿನ್ನುತ್ತ ತಿಗ್ರಾನ್ ಆಕೆಗೆ ನಮ್ಮ ಕಥೆಯೆಲ್ಲ ಹೇಳಿದ. ಚಪ್ಪಲಿಯ ಕಥೆಗೆ ಆಕೆ ಕಣ್ಣೀರು ಬರುವಂತೆ ನಕ್ಕರು. ಮಗುವಿನ ಕಥೆಗೆ ನಗಲಿಲ್ಲ. ನನ್ನನ್ನು ನೋಡಿದರು. ಆಮೇಲೆ ತಾವು ರೊಟ್ಟಿ ಲಟ್ಟಿಸುವ ಗಿಡ್ಡ ಮಣೆಯ ಮೇಲೆ ಹಿಡಿ ತುಂಬ ಹಿಟ್ಟು ಸುರಿದು ಅಂಗೈಯಲ್ಲಿ ಹರಡಿದರು. ಎಷ್ಟು ನುಣುಪಾಗಿ ಹರಡಿದರೆಂದರೆ, ನನಗೆ ಅಪ್ಪನ ಮೊರ ನೆನಪಾಯಿತು.

ನಾನು ಎದ್ದು ಇಂಚರಳ ಕಡೆ ಕೈ ಚಾಚಿದೆ. ರೊಟ್ಟಿಯಮ್ಮ ಕಣ್ಣಲ್ಲೇ ನನ್ನನ್ನು ತಡೆದರು. ಬದುಕಿನಲ್ಲಿ ಹಾಗೆ ನನ್ನನ್ನು ತಡೆದವರು ಕಡಿಮೆ. ಕೂತೆ.

ಆಕೆ ಮಗುವನ್ನು ಕರೆಯಲೇ ಇಲ್ಲ. ತಮ್ಮ ಪಾಡಿಗೆ ಹಿಟ್ಟಿನಲ್ಲಿ ಬೆರಳಾಡಿಸಿ ಒಂದು ಅಕ್ಷರ ಬರೆದರು. ತೊಟ್ಟಿಲಿಗೆ ಪುಟ್ಟ ಬಾಲ ಬಂದ ಹಾಗಿತ್ತು. ಅಳಿಸಿದರು. ಮತ್ತೆ ಬರೆದರು. "ಆಯ್ಬ್" ಎಂದರು. ಅವರ ಮಕ್ಕಳಿಗೆ ಮೊದಲು ಕಲಿಸುವ ಅಕ್ಷರ ಅದೇ ಎಂದು ತಿಗ್ರಾನ್ ಹೇಳಿದ. ಮೂರನೆಯ ಸಲ ಬರೆಯುವ ಹೊತ್ತಿಗೆ ಇಂಚರ ಮಣೆಯ ಪಕ್ಕಕ್ಕೆ ಬಂದು ಕುಕ್ಕರುಗಾಲಲ್ಲಿ ಕೂತಿದ್ದಳು. ನಾಲ್ಕನೆಯ ಸಲಕ್ಕೆ, ಯಾರೂ ಹೇಳದೆ, ತನ್ನ ಪುಟ್ಟ ಕೈಯನ್ನು ಆ ಹಿಟ್ಟು ಮೆತ್ತಿದ ಕೈಯ ಮೇಲಿಟ್ಟಳು. ಎರಡು ಕೈಗಳೂ ಕೂಡಿ ತೊಟ್ಟಿಲು ಬರೆದವು, ಬಾಲ ಎಳೆದವು.

"ಆಯ್ಬ್!" ಎಂದಳು ಇಂಚರ.

ಸುಧಾ ಚಪ್ಪಾಳೆ ತಟ್ಟಿದಳು. ನಮ್ಮವರು ಎರಡೂ ಹೆಗಲಿನ ರೊಟ್ಟಿ ಕುಣಿಸಿದರು. ನಾನೂ ನಕ್ಕೆ. ಆದರೆ ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ, ಒಳಗೆ ಚುರುಕ್ಕೆಂದಿತು. ಶಾಲೆಯ ಮಿಸ್ಸು ಬೇಡವೆಂದು ಹಟ ಮಾಡಿ ಏಳು ಸಮುದ್ರ ದಾಟಿ ಬಂದು, ಮಗುವಿನ ಮೊದಲ ಅಕ್ಷರವನ್ನು ಹೆಸರೂ ಗೊತ್ತಿಲ್ಲದ ರೊಟ್ಟಿಯಮ್ಮನಿಗೆ ಒಪ್ಪಿಸಿದ್ದೆ. ಅದೂ ಯಾವ ಅಕ್ಷರ!

ನಮ್ಮವರಿಗೆ ನನ್ನ ಮುಖ ಓದಲು ಬರುತ್ತದೆ. ಹತ್ತಿರ ಬಂದು ಮೆಲ್ಲಗೆ, "ಪೋನೀಲೇ" ಎಂದರು. ಆ ಮಾತಿಗೆ ಸಿಟ್ಟು ಬರದೇ ಇದ್ದದ್ದು ನಮ್ಮ ಮದುವೆಯಾದ ಮೇಲೆ ಅದೇ ಮೊದಲು.

ಅಷ್ಟರಲ್ಲಿ ಇಂಚರ ಮಣೆಯ ಮೇಲಿನ ಹಿಟ್ಟನ್ನು ತನ್ನ ಅಂಗೈಯಿಂದ ಹರಡುತ್ತಿದ್ದಳು. ಹರಡಿ, ತಲೆಯೆತ್ತಿ ನನ್ನನ್ನು ನೋಡಿದಳು.

"ಅಜ್ಜೀ, ಬಾ. ಕೂತ್ಕೋ."

ಹೋಗಿ ಕೂತೆ.

"ಹಂಗಲ್ಲ. ಬೆನ್ನು ನೆಟ್ಟಗೆ."

ಸುಧಾ ಬಾಯಿಗೆ ಸೆರಗು ಅಡ್ಡ ಹಿಡಿದಳು. ನಾನು ಬೆನ್ನು ನೆಟ್ಟಗೆ ಮಾಡಿದೆ.

"ಬೆರಳು ಕೊಡು. ಈಗ ನಿಂದು ಬರಿ. ನಾನು ಹಿಡ್ಕೊಂತೀನಿ, ಹೆದರ್ಕೋಬೇಡ."

ನಾನು ತೋರುಬೆರಳನ್ನು ಹಿಟ್ಟಿನ ಮೇಲಿಟ್ಟೆ. ಅದರ ಮೇಲೆ ಅವಳ ಕೈ ಬಂದು ಕೂತಿತು. ಬೆಚ್ಚಗಿತ್ತು, ಹಿಟ್ಟು ಹಿಟ್ಟಾಗಿತ್ತು. ಯಾರಿಗೂ ಹಿಡಿಯಲು ಕೊಡದ ಕೈ ಅದು, ತಾನಾಗಿ ಬಂದು ನನ್ನನ್ನು ಹಿಡಿದಿತ್ತು. ನಾನು ಉಸಿರು ಬಿಗಿಹಿಡಿದು ನಿಧಾನಕ್ಕೆ 'ಅ' ಬರೆದೆ. ತಿರುವು ಬಂದ ಕಡೆ ಅವಳ ಕೈಯೂ ತಿರುಗಿತು, ಸುಳಿ ಬಂದ ಕಡೆ ಸುಳಿಯಿತು. ಬರೆದದ್ದು ನಾನೋ ಅವಳೋ ನನಗೆ ತಿಳಿಯಲಿಲ್ಲ. ರೊಟ್ಟಿಯಮ್ಮ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ನಾನು ಚೀಲದಿಂದ ಕುಂಕುಮದ ಭರಣಿ ತೆಗೆಯಬೇಕಿತ್ತು, ಶ್ಲೋಕ ಹೇಳಬೇಕಿತ್ತು. ಯಾವುದೂ ನೆನಪಾಗಲಿಲ್ಲ. ಕಣ್ಣು ಮಂಜಾಗಿ, ಕೊನೆಯ ಗೆರೆ ಎಲ್ಲಿಗೆ ಹೋಯಿತೆಂದೂ ಕಾಣಲಿಲ್ಲ.

"ಯಾರ ಅಕ್ಷರಾಭ್ಯಾಸ ಆಯ್ತು ಈಗ?" ಎಂದರು ನಮ್ಮವರು ಹಿಂದಿನಿಂದ.

ಇಂಚರ ಅವರ ಕಡೆ ತಿರುಗಿಯೂ ನೋಡಲಿಲ್ಲ. ಮಣೆಯ ಮೇಲೆ ಬಗ್ಗಿ ಅಕ್ಷರವನ್ನು ಆ ಕಡೆಯಿಂದ ನೋಡಿದಳು, ಈ ಕಡೆಯಿಂದ ನೋಡಿದಳು. ಆಮೇಲೆ ನಿಟ್ಟುಸಿರು ಬಿಟ್ಟು, ಅಂಗೈಯಿಂದ ಅದನ್ನು ಅಳಿಸಿ ಹಿಟ್ಟನ್ನು ಮತ್ತೆ ಹರಡಿದಳು.

"ಸೊಟ್ಟಗಿದೆ ಅಜ್ಜಿ. ಇನ್ನೊಂದ್ ಸಲ."

ನಾನು ಇನ್ನೊಂದು ಸಲ ಬೆರಳು ಕೊಟ್ಟೆ.